ರೀಲಿಲ್ಲದ ಕಾಲದಿಂದ ರೀಲ್ಸ್ ಕಾಲಕ್ಕೆ

1919ರಲ್ಲಿ ಮಾಸ್ಕೋದಲ್ಲಿ ಸರ್ಕಾರಿ ಸಿನಿಮಾ ಶಾಲೆ ಶುರುವಾದಾಗ ಅಲ್ಲಿ ಮೇಷ್ಟ್ರಿದ್ದರು, ಉತ್ಸಾಹದ ಹುಡುಗ ಹುಡುಗಿಯರಿದ್ದರು. ಚಿತ್ರ ತೆಗೆಯಲು ಫಿಲಂ ಇರಲಿಲ್ಲ. ಕ್ರಾಂತಿಯ ಬೆನ್ನಿಗೇ ಅಂತರ್ಯುದ್ಧ, ಅದರ ಜೊತೆಗೆ ಹೊರದೇಶಗಳ ದಿಗ್ಬಂಧನ. ಕಚ್ಚಾ ಫಿಲಂ ಬರುತ್ತಿದ್ದ ದಾರಿಗಳೆಲ್ಲ ಮುಚ್ಚಿದ್ದವು. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಲೆವ್ ಕುಲೆಶೊವ್ ತನ್ನ ವಿದ್ಯಾರ್ಥಿಗಳಿಂದ ‘ಫಿಲಂ ಇಲ್ಲದ ಫಿಲಂ’ಗಳನ್ನು ಮಾಡಿಸಿದ. ವೇದಿಕೆಯ ಮೇಲೆ ಚಿಕ್ಕ ಚಿಕ್ಕ ದೃಶ್ಯಗಳು ಒಂದರ ಹಿಂದೊಂದು ಬರಬೇಕು, ಪ್ರತಿಯೊಂದೂ ಒಂದು ಶಾಟ್ ಎಂದು ಭಾವಿಸಿ ಅಭಿನಯಿಸಬೇಕು. ಉಳಿದ ಹೊತ್ತಿನಲ್ಲಿ ಹಳೆಯ ಚಿತ್ರಗಳ ತುಣುಕುಗಳನ್ನು ಕತ್ತರಿಸಿ, ಅಂಟಿಸಿ, ಮತ್ತೆ ಕತ್ತರಿಸಿ ನೋಡುವುದು. ಅಮೆರಿಕದ ಗ್ರಿಫಿತ್‌ನ ‘ಇಂಟಾಲರೆನ್ಸ್’ ಅವರ ಪಾಲಿಗೆ ಪಠ್ಯಪುಸ್ತಕವೇ ಆಗಿಬಿಟ್ಟಿತ್ತು.

ಆ ಬಡತನದಲ್ಲಿ ಹುಟ್ಟಿದ ಪ್ರಯೋಗ ಇವತ್ತಿಗೂ ಪ್ರತಿ ಸಿನಿಮಾ ತರಗತಿಯ ಮೊದಲ ವಾರದ ಪಾಠ. ನಟ ಇವಾನ್ ಮೊಜ್ಜುಖಿನ್‌ನ ಭಾವವಿಲ್ಲದ ಒಂದು ಕ್ಲೋಸಪ್ಪು. ಅದರ ಪಕ್ಕದಲ್ಲಿ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಆಟವಾಡುವ ಮಗು. ಮುಖ ಅದೇ ಆದರೂ ನೋಡಿದವರಿಗೆ ಹಸಿವು, ದುಃಖ, ವಾತ್ಸಲ್ಯ ಕಂಡಿತಂತೆ. ಆ ಮೂಲ ಫಿಲಂ ಈಗ ಇಲ್ಲ. ಕುಲೆಶೊವ್ ಹೇಳುವುದಕ್ಕೂ ಅವನ ಶಿಷ್ಯ ಪುಡೊವ್ಕಿನ್ ಹೇಳುವುದಕ್ಕೂ ತಾಳೆಯಾಗುವುದಿಲ್ಲ. ಪ್ರೇಕ್ಷಕರು ನಟನೆಯನ್ನು ಹಾಡಿ ಹೊಗಳಿದರು ಎಂಬ ಭಾಗಕ್ಕೆ ಹೇಳುತ್ತಾ ಹೇಳುತ್ತಾ ಒಂದಿಷ್ಟು ಬಣ್ಣ ಸೇರಿರಬೇಕು ಎಂಬುದು ನನ್ನ ಗುಮಾನಿ. ತತ್ತ್ವ ಮಾತ್ರ ಸುಳ್ಳಲ್ಲ, ಯಾವ ಎಡಿಟಿಂಗ್ ಕೋಣೆಯಲ್ಲಿ ಬೇಕಾದರೂ ಮಾಡಿ ನೋಡಬಹುದು.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಆದರೆ ಇಷ್ಟು ಹೆಸರು ಮಾಡದೆ ಉಳಿದದ್ದು, ಅದೇ ತಂಡದ ಮತ್ತೊಂದು ಪ್ರಯೋಗ. ಒಬ್ಬ ಗಂಡಸು, ಒಬ್ಬ ಹೆಂಗಸು ಮಾಸ್ಕೋದ ಬೇರೆ ಬೇರೆ ಬೀದಿಗಳಲ್ಲಿ ನಡೆದು ಬರುತ್ತಾರೆ, ಎದುರಾಗುತ್ತಾರೆ, ಕೈಕುಲುಕುತ್ತಾರೆ. ಅವನು ಕೈಚಾಚಿ ಏನನ್ನೋ ತೋರಿಸುತ್ತಾನೆ. ಮುಂದಿನ ಶಾಟ್ ವಾಷಿಂಗ್ಟನ್‌ನ ವೈಟ್‌ಹೌಸ್, ಯಾವುದೋ ಅಮೆರಿಕನ್ ಚಿತ್ರದಿಂದ ಕತ್ತರಿಸಿಕೊಂಡದ್ದು. ಅದಾದ ಮೇಲೆ ಇಬ್ಬರೂ ಮೆಟ್ಟಿಲು ಹತ್ತುತ್ತಾರೆ. ಆ ಮೆಟ್ಟಿಲು ಮತ್ತೆ ಮಾಸ್ಕೋದ್ದೇ. ಭೂಮಿಯ ಮೇಲೆ ಎಲ್ಲೂ ಇಲ್ಲದ ಒಂದು ಊರು ಪರದೆಯ ಮೇಲೆ ಎದ್ದು ನಿಂತಿತು. ಇವತ್ತು ಜಯನಗರದ ಗೆಳೆಯನ ಮನೆಯ ಗೇಟನ್ನೂ ಮಲ್ಲೇಶ್ವರದ ಅಜ್ಜಿಯ ಮನೆಯ ಪಡಸಾಲೆಯನ್ನೂ ಸೇರಿಸಿ ಒಂದೇ ಮನೆ ಎಂದು ನಂಬಿಸುವ ಕಾಲೇಜು ಹುಡುಗರು ಮಾಡುತ್ತಿರುವುದೂ ಅದನ್ನೇ.

ಕುಲೆಶೊವ್‌ನ ಬಳಿ ಕೆಲವು ತಿಂಗಳು ಕಲಿತ ಐಸೆನ್‌ಸ್ಟೈನ್, ಶಾಟ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕೆಂದ. ಪುಡೊವ್ಕಿನ್, ಇಲ್ಲ, ಅವು ಕೊಂಡಿಗಳಂತೆ ಕೂಡಿಕೊಳ್ಳಬೇಕೆಂದ. ಆ ವಾದದ ಮೇಲೆ ಗ್ರಂಥಗಳೇ ಬಂದಿವೆ, ಇಲ್ಲಿ ಬೇಡ. ವಿದ್ಯಾರ್ಥಿ ಚಿತ್ರಗಳ ಮಟ್ಟಿಗೆ ಮುಖ್ಯವಾದುದು ಬೇರೆ. ಉಪಕರಣ ಎಲ್ಲಿ ‘ಇದಾಗದು’ ಎಂದಿತೋ ಅಲ್ಲೇ ಹೊಸ ಭಾಷೆ ಹುಟ್ಟಿದೆ. ಮಾಸ್ಕೋದ ನಂತರ ರೋಮ್, ಪ್ಯಾರಿಸ್ ಎಂದು ಶಾಲೆಗಳು ಬಂದವು. ಆದರೆ ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಸಿಗುವುದು 1948ರಲ್ಲಿ ಆರಂಭವಾದ ಪೋಲೆಂಡಿನ ವೂಚ್ ಶಾಲೆಯಲ್ಲಿ.

ಅಲ್ಲಿನ ವಿದ್ಯಾರ್ಥಿ ರೋಮನ್ ಪೊಲಾನ್‌ಸ್ಕಿ 1958ರಲ್ಲಿ ಮಾಡಿದ ‘ಟೂ ಮೆನ್ ಅಂಡ್ ಎ ವಾರ್ಡ್‌ರೋಬ್’ ಹದಿನೈದು ನಿಮಿಷದ ಚಿತ್ರ. ಮಾತಿಲ್ಲ, ಕ್ರಿಸ್ತೋಫ್ ಕೊಮೆಡಾನ ಜಾಝ್ ಸಂಗೀತವಿದೆ. ಇಬ್ಬರು ಕನ್ನಡಿ ಬೀರುವೊಂದನ್ನು ಹೊತ್ತು ಸಮುದ್ರದಿಂದ ಎದ್ದು ಬರುತ್ತಾರೆ. ಟ್ರಾಮಿನಲ್ಲಿ, ಹೋಟೆಲಿನಲ್ಲಿ, ಊರಿನಲ್ಲಿ ಎಲ್ಲೂ ಅವರಿಗೆ ಜಾಗ ಸಿಗುವುದಿಲ್ಲ. ಕೊನೆಗೆ ಬಂದ ದಾರಿಯಲ್ಲೇ ಮರಳುತ್ತಾರೆ. ಇದರಲ್ಲೊಂದು ಶಾಟ್ ಇದೆ: ಬೀರುವನ್ನು ಅಡ್ಡ ಮಲಗಿಸಿದ್ದಾರೆ, ಕನ್ನಡಿಯಲ್ಲಿ ಮೋಡ ತುಂಬಿದ ಆಕಾಶ ಬಿದ್ದಿದೆ, ಅದರ ಮೇಲೆ ಊಟದ ಮೀನು. ಒಂದು ಕ್ಷಣ ಮೀನು ಆಕಾಶದಲ್ಲಿ ಈಜುತ್ತಿದೆ ಎನಿಸುತ್ತದೆ. ಖರ್ಚು ಒಂದು ಮೀನಿನದು, ಅಷ್ಟೆ. ಉಳಿದದ್ದೆಲ್ಲ ಕ್ಯಾಮೆರಾವನ್ನು ಎಲ್ಲಿಡಬೇಕೆಂಬ ತೀರ್ಮಾನ.

ನನ್ನ ಮಟ್ಟಿಗೆ ಆ ಶಾಲೆಯ ದೊಡ್ಡ ಪಾಠ ಇದಕ್ಕಿಂತ ಚಿಕ್ಕ ಚಿತ್ರವೊಂದರಲ್ಲಿದೆ. ಕ್ರಿಸ್ತೋಫ್ ಕೀಸ್ಲೊವ್‌ಸ್ಕಿ 1966ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಉರ್ಜೋಂದ್’, ಅಂದರೆ ಕಚೇರಿ. ಜಾಗ, ಪಿಂಚಣಿ ನೀಡುವ ಸರ್ಕಾರಿ ವಿಮಾ ಕಚೇರಿ. ಕಿಂಡಿಯ ಈಚೆ ಮುದುಕರ ಸಾಲು, ಆಚೆ ಗುಮಾಸ್ತೆ. ಕ್ಯಾಮೆರಾ ಯಾರ ಕಥೆಯನ್ನೂ ಹೇಳುವುದಿಲ್ಲ. ಕೈಗಳು, ಕಾಗದ, ಕಾಯುವ ಮುಖಗಳು, ಇಷ್ಟನ್ನೇ ತೋರಿಸುತ್ತದೆ. ಆ ಅರ್ಜಿ ತಂದಿಲ್ಲ, ಈ ಮೊಹರು ಹಾಕಿಸಿಲ್ಲ ಎಂಬ ಮಾತು ಕೇಳುತ್ತಿರುತ್ತದೆ, ಆದರೆ ಆಡುವವರ ತುಟಿಗೂ ಕೇಳುವ ಮಾತಿಗೂ ಹೊಂದಿಕೆಯಿಲ್ಲ. ಈ ಬೇರ್ಪಡೆಯೇ ಅವನ ಕೈಗೆ ಆಯುಧವಾಯಿತು. ಮಾತು ಯಾರ ಬಾಯಿಗೂ ಅಂಟಿಕೊಳ್ಳದೆ ಕಚೇರಿಯ ಗೋಡೆಗಳೇ ಆಡಿದಂತಾಗುತ್ತದೆ. ಜೀವಮಾನವಿಡೀ ಏನೇನು ಮಾಡಿದಿರಿ ಎಂಬುದನ್ನು ಬರೆಯಿರಿ ಎನ್ನುತ್ತದೆ ಕೊನೆಗೆ ಆ ದನಿ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದ ನಮ್ಮವರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ವ್ಯಂಗ್ಯವಾಡುವ ಒಂದೇ ಒಂದು ಸಂಭಾಷಣೆಯೂ ಇಲ್ಲದೆ ಇಡೀ ವ್ಯವಸ್ಥೆಯ ಮೇಲೆ ವ್ಯಂಗ್ಯ ಮಾಡಿದ ಚಿತ್ರ ಇದು.

ಅದೇ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೇರೆ ಬಗೆಯ ಪ್ರಯೋಗಗಳು ನಡೆದಿದ್ದವು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಲ್ಯೂಕಸ್‌ಗೆ ಸಿಕ್ಕ ಆರಂಭದ ಅಭ್ಯಾಸ ಒಂದೇ ನಿಮಿಷದ್ದು, ಅದೂ ಅನಿಮೇಷನ್ ಕ್ಯಾಮೆರಾದಲ್ಲಿ. ಅವನು ಪತ್ರಿಕೆಗಳ ಸ್ಥಿರಚಿತ್ರಗಳನ್ನು ಸರಸರನೆ ಜೋಡಿಸಿ ‘ಲುಕ್ ಅಟ್ ಲೈಫ್’ ಮಾಡಿದ. ಚಲಿಸದ ಚಿತ್ರಗಳಲ್ಲಿ ಗದ್ದಲವನ್ನೂ ಗಲಭೆಯನ್ನೂ ತುಂಬಿದ್ದು ಕತ್ತರಿಯ ಲಯ. 1967ರಲ್ಲಿ ಬಂದ ಅವನ ‘ಟಿಎಚ್‌ಎಕ್ಸ್ 1138 4ಇಬಿ’ಯಲ್ಲಿ ಭವಿಷ್ಯದ ನಗರಕ್ಕೆ ಸೆಟ್ಟೇ ಇಲ್ಲ. ಇರುವ ಕಾರಿಡಾರುಗಳು, ನೆಲದಡಿಯ ಪಾರ್ಕಿಂಗು, ಚಿತ್ರದ ಮೇಲೆ ಓಡುವ ಅಂಕಿಗಳು, ಗೊರಗುಟ್ಟುವ ರೇಡಿಯೊ ದನಿ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಮಾರ್ಟಿನ್ ಸ್ಕಾರ್ಸೆಸಿ ‘ದಿ ಬಿಗ್ ಶೇವ್’ ಮಾಡಿದ: ಹೊಳೆಯುವ ಬಿಳಿ ಬಚ್ಚಲಲ್ಲಿ ಒಬ್ಬ ಗಡ್ಡ ಕೆರೆದುಕೊಳ್ಳುತ್ತಾ ಕೆರೆದುಕೊಳ್ಳುತ್ತಾ ರಕ್ತದಲ್ಲಿ ತೊಯ್ಯುತ್ತಾನೆ, ಹಿನ್ನೆಲೆಯಲ್ಲಿ ಹಳೆಯ ಜಾಝ್ ಹಾಡೊಂದು ಹಾಯಾಗಿ ಹರಿಯುತ್ತಿರುತ್ತದೆ. ಚಿತ್ರದ ಇನ್ನೊಂದು ಹೆಸರು ‘ವಿಯೆಟ್ ’67’. ವಿಯೆಟ್ನಾಂ ಯುದ್ಧದ ಒಂದು ದೃಶ್ಯವೂ ಅದರಲ್ಲಿಲ್ಲ.

ಲ್ಯೂಕಸ್‌ನ ಜೊತೆ ಓದಿದ ವಾಲ್ಟರ್ ಮರ್ಚ್ ಮುಂದೆ ದೊಡ್ಡ ಸಂಕಲನಕಾರನಾಗಿ, ಒಂದು ಕಟ್ ಯಾಕೆ ಸರಿ ಎಂಬುದಕ್ಕೆ ಆರು ಮಾನದಂಡ ಕೊಟ್ಟ. ಭಾವಕ್ಕೆ ಶೇ. 51, ಕಥೆಗೆ ಶೇ. 23, ಲಯಕ್ಕೆ ಶೇ. 10, ಸ್ಥಳದ ಕಂಟಿನ್ಯುಟಿಗೆ ಎಲ್ಲಕ್ಕಿಂತ ಕಡಿಮೆ, ಶೇ. 4. ಅಂಕಿಗಳು ತಮಾಷೆಯೇ ಸರಿ. ಆದರೆ ‘ಹಿಂದಿನ ಶಾಟ್‌ನಲ್ಲಿ ಲೋಟ ಎಡಗೈಲಿತ್ತು’ ಎಂದು ತಲೆ ಕೆಡಿಸಿಕೊಳ್ಳುವ ಮೊದಲ ವರ್ಷದವರಿಗೆ ಅದನ್ನು ಓದಿಸಬೇಕು.

ಭಾರತದಲ್ಲಿ ಈ ಕಥೆ ಪುಣೆಯಿಂದ ಆರಂಭವಾಗುತ್ತದೆ ಎಂದು ಬರೆಯುವುದು ವಾಡಿಕೆ. ಬೆಂಗಳೂರಿಗೆ ಅದರಿಂದ ಅನ್ಯಾಯ. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತೇ ಮುಂಬೈಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟರು. ಗೋವಿಂದ ನಿಹಲಾನಿ ಕೂಡ ಅಲ್ಲಿನ ವಿದ್ಯಾರ್ಥಿ. ಮುಂದೆ ಮೂರ್ತಿಯವರಿಗೇ ಸಹಾಯಕರಾದರು. ಆ ಶಿಕ್ಷಣ ಕ್ಯಾಮೆರಾ, ಧ್ವನಿಗಳ ತಂತ್ರಕ್ಕೆ ಸೀಮಿತವಾಗಿತ್ತು. ಅರ್ಥದ ಪ್ರಶ್ನೆ ತರಗತಿಗೆ ಬಂದದ್ದು 1960ರಲ್ಲಿ, ಪುಣೆಯ ಪ್ರಭಾತ್ ಸ್ಟುಡಿಯೊ ಆವರಣದಲ್ಲಿ ಫಿಲಂ ಇನ್‌ಸ್ಟಿಟ್ಯೂಟ್ ತೆರೆದ ಮೇಲೆ.

ಅಲ್ಲಿ ಇಬ್ಬರು ಮೇಷ್ಟ್ರು ಸಿಕ್ಕರು, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಸ್ವಭಾವದವರು. 60ರ ದಶಕದ ನಡುವೆ ಸ್ವಲ್ಪ ಕಾಲ ಉಪಪ್ರಾಂಶುಪಾಲರಾಗಿದ್ದ ಋತ್ವಿಕ್ ಘಟಕ್ ವಿದ್ಯಾರ್ಥಿಗಳಲ್ಲಿ ಕಿಚ್ಚು ಹಚ್ಚಿದರು. ಸತೀಶ್ ಬಹಾದ್ದೂರ್ ‘ಪಥೇರ್ ಪಾಂಚಾಲಿ’ಯನ್ನು ಶಾಟ್ ಶಾಟ್ ಆಗಿ ಬಿಡಿಸಿ ತೋರಿಸಿ ನೋಡುವುದನ್ನು ಕಲಿಸಿದರು. ಘಟಕ್‌ರ ಶಿಷ್ಯ ಮಣಿ ಕೌಲ್ ಶಾಲೆ ಬಿಟ್ಟ ಕೆಲವೇ ವರ್ಷಗಳಲ್ಲಿ, ಅಲ್ಲೇ ಕಲಿತ ಛಾಯಾಗ್ರಾಹಕ ಕೆ.ಕೆ. ಮಹಾಜನ್‌ರ ಜೊತೆ ‘ಉಸ್ಕಿ ರೋಟಿ’ ಮಾಡಿದರು. ಗಂಡ ಬಸ್ ಡ್ರೈವರ್. ಅವನಿಗೆ ರೊಟ್ಟಿ ಕಟ್ಟಿಕೊಂಡು ರಸ್ತೆ ಬದಿ ಕಾಯುವ ಹೆಂಡತಿಯ ಕಥೆ. 28 ಎಂಎಂ ಮತ್ತು 135 ಎಂಎಂ, ಈ ಎರಡು ಲೆನ್ಸ್‌ಗಳ ನಡುವೆ ಅವಳ ಹೊರಗಿನ ಬದುಕನ್ನೂ ಮನಸ್ಸಿನ ಬದುಕನ್ನೂ ಹಂಚಿದರು. ಮುಂದೆ ಅದೇ ಲೆಕ್ಕವನ್ನು ತಿರುವುಮುರುವು ಮಾಡಿದರು. ಚಿತ್ರ ನಿಧಾನ, ಹಲವರಿಗೆ ಅಸಹನೀಯ. ಲೆನ್ಸನ್ನು ಅಂದಕ್ಕಾಗಿ ಬದಲಾಯಿಸಬಾರದು, ಯೋಚನೆಗಾಗಿ ಬದಲಾಯಿಸಬೇಕು ಎಂದು ತಿಳಿಯಲು ಅದನ್ನು ಮೀರಿಸಿದ್ದಿಲ್ಲ.

ಗಿರೀಶ ಕಾಸರವಳ್ಳಿ ಪುಣೆಯಲ್ಲಿ ಮಾಡಿದ ಡಿಪ್ಲೊಮಾ ಚಿತ್ರ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಶಾಲೆಯ ಶಿಸ್ತು ಕನ್ನಡದಲ್ಲಿ ಹೇಗೆ ಮೈತಳೆಯಿತೆಂದು ನೋಡಲು ಮಾತ್ರ 1977ರ ‘ಘಟಶ್ರಾದ್ಧ’ಕ್ಕೇ ಬರಬೇಕು. ಅನಂತಮೂರ್ತಿಯವರ ಕಥೆಯ ಯಮುನಕ್ಕನ ದುರಂತವನ್ನು ನಾವು ನಾಣಿ ಎಂಬ ಹುಡುಗನ ಕಣ್ಣಿನಲ್ಲಿ ನೋಡುತ್ತೇವೆ. ದೊಡ್ಡವರ ಲೋಕ ಅವನಿಗೆ ಅರ್ಧ ಕಾಣುತ್ತದೆ, ಅರ್ಧ ಕೇಳುತ್ತದೆ. ಅವನಿಗೆ ತಿಳಿಯದ್ದು ನಮಗೆ ತಿಳಿಯುತ್ತಾ ಹೋಗುವುದೇ ಚಿತ್ರದ ನೋವು.

ಈ ಮಧ್ಯೆ ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್, ಬಹಾದ್ದೂರ್ ಅವರಂಥವರನ್ನು ಕರೆಸಿ ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿತು. ಅಡಿಕೆ ತೋಟದವರು, ಶಾಲಾ ಮೇಷ್ಟ್ರುಗಳು ಕುಳಿತು ಕುರೊಸಾವಾನ ಬಗ್ಗೆ ಜಗಳವಾಡಿದರು. ಕ್ಯಾಮೆರಾ ಮುಟ್ಟದೆಯೇ ಕ್ಯಾಮೆರಾದ ವ್ಯಾಕರಣ ಕಲಿತ ಒಂದು ಪೀಳಿಗೆ ಹೀಗೆ ತಯಾರಾಯಿತು.

ಅಷ್ಟು ದಿನವೂ ಲೆಕ್ಕ ಅಡಿಗಳದ್ದು. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 400 ಅಡಿಯ ಡಬ್ಬ ನಾಲ್ಕೂವರೆ ನಿಮಿಷದೊಳಗೆ ಖಾಲಿ. ಕೀಲಿ ಕೊಟ್ಟು ಓಡಿಸುವ 16 ಎಂಎಂ ಬೋಲೆಕ್ಸ್ ಕ್ಯಾಮೆರಾ ಒಂದು ಸುತ್ತಿಗೆ ಅರ್ಧ ನಿಮಿಷ ಓಡಿದರೆ ಹೆಚ್ಚು. ಹೀಗಾಗಿ ಕ್ಯಾಮೆರಾ ಚಾಲೂ ಮಾಡುವ ಮುಂಚೆಯೇ ತಲೆಯೊಳಗೆ ಸಂಕಲನ ಮುಗಿದಿರಬೇಕಿತ್ತು. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದು, ಸ್ಟಿಲ್ ಕ್ಯಾಮೆರಾದಲ್ಲೇ ಸಿನಿಮಾದಂಥ ಚಿತ್ರ ಸಿಗತೊಡಗಿದಾಗ ಈ ಲೆಕ್ಕ ತಲೆಕೆಳಗಾಯಿತು. ಆಮೇಲೆ ಮೊಬೈಲು, ಪುಕ್ಕಟೆ ಸಿಗುವ ಎಡಿಟಿಂಗ್ ಸಾಫ್ಟ್‌ವೇರು.

ಲಾಭ ದೊಡ್ಡದು, ಅಲ್ಲಗಳೆಯುವುದು ಬೇಡ. ಪುಣೆ, ಕೋಲ್ಕತ್ತಗಳ ಸೀಟು ಸಿಗದ ರಾಯಚೂರಿನ ಹುಡುಗಿ ಇವತ್ತು ಸಿನಿಮಾ ಮಾಡಬಲ್ಲಳು. ಆದರೆ ಕಾಲೇಜು ಉತ್ಸವಗಳ ಕಿರುಚಿತ್ರಗಳನ್ನು ಸಾಲಾಗಿ ನೋಡಿದರೆ ಚಿಂತೆಯಾಗುತ್ತದೆ. ಮುಖ ಮಾತ್ರ ಸ್ಪಷ್ಟ, ಹಿನ್ನೆಲೆಯೆಲ್ಲ ಮಸುಕು. ಆ ಮಸುಕಿನಲ್ಲಿ ಊರೂ ಹೋಯಿತು, ಮನೆಯೂ ಹೋಯಿತು. ಕಾರಣವಿಲ್ಲದೆ ಡ್ರೋನ್ ಮೇಲೇಳುತ್ತದೆ. ಅಳಬೇಕಾದ ಕಡೆ ಪಿಯಾನೊ ಬಂದು ಅಪ್ಪಣೆ ಕೊಡುತ್ತದೆ. ಎಲ್ಲಕ್ಕಿಂತ ಅನಾಥವಾಗಿರುವುದು ಶಬ್ದ. ಕೀಸ್ಲೊವ್‌ಸ್ಕಿ ಅರವತ್ತು ವರ್ಷಗಳ ಹಿಂದೆ ಹೊಂದದ ಧ್ವನಿಯಿಂದ ಏನು ಮಾಡಿ ತೋರಿಸಿದನೋ ಅದರ ಹತ್ತಿರಕ್ಕೂ ಈ ಚಿತ್ರಗಳು ಹೋಗುವುದಿಲ್ಲ. ಎಲ್ಲವೂ ಸಿಗುವಾಗ ಏನನ್ನು ಬಿಡಬೇಕೆಂದು ಹೇಳುವವರಿಲ್ಲ.

ಬಿಡಲು ಕಲಿತವರೂ ಇದ್ದಾರೆ. ಪುಣೆಯಲ್ಲಿ ಓದುತ್ತಿದ್ದಾಗ ಪಾಯಲ್ ಕಪಾಡಿಯಾ ಮಾಡಿದ ‘ಆಫ್ಟರ್‌ನೂನ್ ಕ್ಲೌಡ್ಸ್’ 2017ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗಕ್ಕೆ ಹೋಯಿತು. ಒಬ್ಬ ವಿಧವೆ, ಅವಳ ಮನೆಗೆಲಸದ ಹುಡುಗಿ, ಒಂದು ಮಧ್ಯಾಹ್ನ, ಹದಿಮೂರು ನಿಮಿಷ. ಅವರ ‘ಎ ನೈಟ್ ಆಫ್ ನೋಯಿಂಗ್ ನಥಿಂಗ್’ನಲ್ಲಿ ಕಲ್ಪಿತ ಪ್ರೇಮಪತ್ರಗಳ ಕೆಳಗೆ ನಿಜವಾದ ವಿದ್ಯಾರ್ಥಿ ಚಳವಳಿಯ ಕಪ್ಪು ಬಿಳುಪು ದೃಶ್ಯಗಳು ಓಡುತ್ತವೆ, ಮಾಸ್ಕೋದ ಬೀದಿಗೆ ವೈಟ್‌ಹೌಸ್ ಅಂಟಿಸಿದ್ದರ ಮೊಮ್ಮಗಳು ಇದು. 2024ರಲ್ಲಿ ಅದೇ ವಿದ್ಯಾರ್ಥಿ ವಿಭಾಗಕ್ಕೆ 555 ಶಾಲೆಗಳಿಂದ 2,263 ಚಿತ್ರಗಳು ಬಂದು, 18 ಆಯ್ಕೆಯಾಗಿ, ಮೊದಲ ಬಹುಮಾನ ಕನ್ನಡದ ಚಿತ್ರಕ್ಕೆ ಸಿಕ್ಕಿತು. ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯಕ್ ಪುಣೆಯ ಒಂದು ವರ್ಷದ ಕೋರ್ಸಿನಲ್ಲಿ ಮಾಡಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದದ್ದರಿಂದ ಊರೇ ಅಲ್ಲೋಲಕಲ್ಲೋಲವಾಗುವ ಜನಪದ ಕಥೆ. ಚಿತ್ರೀಕರಣಕ್ಕೆ ಸಿಕ್ಕದ್ದು ನಾಲ್ಕು ದಿನ, ಹದಿನಾರು ನಿಮಿಷದ ಚಿತ್ರವನ್ನು ಕತ್ತಲೆಯೇ ಕಟ್ಟಿದೆ. ಹುಂಜ ಕೂಗದೆ ಬೆಳಗಾಗದ ಊರಿನ ಕಥೆಗೆ ರಾತ್ರಿಗಿಂತ ಒಳ್ಳೆಯ ಸೆಟ್ ಯಾವುದು?

ಈಗ ಎದುರಿಗಿರುವ ನಿರ್ಬಂಧ ಮೊಬೈಲಿನ ಉದ್ದನೆಯ ಚೌಕಟ್ಟು. 9:16ರ ಆ ಕಿಂಡಿಯಲ್ಲಿ ಎದುರುಬದುರು ಕೂತ ಇಬ್ಬರು ಹಿಡಿಸುವುದಿಲ್ಲ. ನೂರು ವರ್ಷ ಅಡ್ಡ ಪರದೆಗೆಂದು ಬೆಳೆದ ಟೂ ಶಾಟ್, ಭುಜದ ಮೇಲಿನಿಂದ ನೋಡುವ ಶಾಟ್ ಎರಡೂ ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತವೆ. ಒಬ್ಬರನ್ನು ಮುಂದೆ, ಇನ್ನೊಬ್ಬರನ್ನು ಅವರ ಹಿಂದೆ ಆಳದಲ್ಲಿ ನಿಲ್ಲಿಸಬೇಕು. ಇಲ್ಲವೇ ಮೆಟ್ಟಿಲ ಮೇಲೊಬ್ಬರು, ಕೆಳಗೊಬ್ಬರು. ಯಜಮಾನ ಮತ್ತು ಆಳು, ಅತ್ತೆ ಮತ್ತು ಸೊಸೆ, ಮೇಷ್ಟ್ರು ಮತ್ತು ಶಿಷ್ಯ ಮಾತಾಡುವ ದೃಶ್ಯಗಳಿಗೆ ಈ ಮೇಲು ಕೀಳಿನ ಜೋಡಣೆ ಅಡ್ಡ ಚೌಕಟ್ಟಿಗಿಂತ ಚೆನ್ನಾಗಿ ಒದಗಬಹುದು. ಅದನ್ನು ಹುಡುಕುತ್ತಿರುವ ಕೆಲವು ವಿದ್ಯಾರ್ಥಿಗಳ ಮೂರು ನಾಲ್ಕು ನಿಮಿಷದ ಚಿತ್ರಗಳು ಈಗಾಗಲೇ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿವೆ, ಬಹುಪಾಲು ಮೇಷ್ಟ್ರುಗಳು ಅವನ್ನಿನ್ನೂ ಸಿನಿಮಾ ಎಂದು ಒಪ್ಪಿಲ್ಲ.