ತಾಲೂಕು ಕಚೇರಿಯ ಗಣಕ, ತರಗತಿಯ ಗಣಕ

1991ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಗುಲ್ಬರ್ಗ ಜಿಲ್ಲೆಯಲ್ಲಿ ಭೂದಾಖಲೆಗಳ ಗಣಕೀಕರಣ ಶುರುವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೂ ರೈತ ಪಹಣಿಗಾಗಿ ಅಲೆಯುವುದು ತಪ್ಪಲಿಲ್ಲ. ಪಹಣಿಯಲ್ಲಿ ಹೆಸರು ಬದಲಾಗುತ್ತಿದ್ದದ್ದು ತಾಲೂಕಿನಲ್ಲಿ, ಆ ತಾಲೂಕು ಕಚೇರಿಗೇ ಗಣಕ ಕೊಡುವ ಏರ್ಪಾಡು ಯೋಜನೆಯಲ್ಲಿ ಇರಲಿಲ್ಲ. ಒಮ್ಮೆ ಟೈಪಾದ ದಾಖಲೆ ಹಾಗೇ ಕೂತಿತು. ಹೊರಗೆ ಜಮೀನು ಮಾರಾಟವಾಗುತ್ತಿತ್ತು, ಭಾಗವಾಗುತ್ತಿತ್ತು, ತಂದೆ ತೀರಿಕೊಂಡು ಮಕ್ಕಳ ಹೆಸರಿಗೆ ಬರಬೇಕಾಗುತ್ತಿತ್ತು.

ಕರ್ನಾಟಕದ ಕಚೇರಿ ಮತ್ತು ಶಾಲೆಗಳ ಡಿಜಿಟಲ್ ಇತಿಹಾಸವನ್ನು ಅಳೆಯಲು ನಾನು ಈ ಮೊದಲ ಸೋಲನ್ನೇ ಅಳತೆಗೋಲು ಮಾಡಿಕೊಳ್ಳುತ್ತೇನೆ. ತೊಂದರೆ ಯಾವ ಮೇಜಿನ ಮೇಲೆ ಹುಟ್ಟುತ್ತದೆ, ಯಂತ್ರ ಆ ಮೇಜಿಗೆ ಬಂತೇ, ಬಂದ ಮೇಲೆ ಅಲ್ಲಿನ ನಿಯಮ ಬದಲಾಯಿತೇ ಎಂಬ ಪ್ರಶ್ನೆಗಳನ್ನು ಕೇಳುತ್ತ ಹೋದರೆ, ಕಂದಾಯ ಇಲಾಖೆ ಗೆದ್ದ ಕಡೆ ಶಿಕ್ಷಣ ಇಲಾಖೆ ಏಕೆ ತಡವರಿಸುತ್ತಿದೆ ಎಂಬುದು ತಿಳಿಯುತ್ತದೆ.

ಆ ಸೋಲಿನಿಂದ ಪಾಠ ಕಲಿತದ್ದು 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಈ ಸಂಖ್ಯೆ ದೊಡ್ಡದೇ. ಆದರೆ ಭೂಮಿಯ ನಿಜವಾದ ಸಾಧನೆ ಇರುವುದು ಅದು ತಂದ ನಿಯಮಗಳಲ್ಲಿ. ಅಲ್ಲಿಯವರೆಗೆ ಪಹಣಿ ಪುಸ್ತಕ ಇದ್ದದ್ದು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ. ಅವರು ಸಿಕ್ಕರೆ ಪಹಣಿ, ಮನಸ್ಸು ಮಾಡಿದರೆ ಖಾತೆ. ಬ್ಯಾಂಕಿನಲ್ಲಿ ಬೆಳೆ ಸಾಲ ಕೇಳುವವನಿಗೆ, ಜಾಮೀನು ನಿಲ್ಲುವವನಿಗೆ, ಕೋರ್ಟಿಗೆ ಹೋಗುವವನಿಗೆ ಆ ಒಂದು ಹಾಳೆ ಬೇಕೇ ಬೇಕು. ಹಾಳೆಯ ಮೇಲಿನ ಏಕಸ್ವಾಮ್ಯವೇ ಲಂಚದ ಬೇರು.

ಭೂಮಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಿತು. 177 ತಾಲೂಕುಗಳಲ್ಲಿ ಕೌಂಟರ್ ತೆರೆದು, 15 ರೂಪಾಯಿಗೆ ಯಾರು ಕೇಳಿದರೂ ಮುದ್ರಿತ ಪಹಣಿ ಕೊಟ್ಟಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ನಡುವಿನದನ್ನು ಎತ್ತಿ ಮುಂದೆ ಹಾಕಲು ತಂತ್ರಾಂಶವೇ ಬಿಡದು ಎಂಬ ಕಟ್ಟು ಹಾಕಿತು. ಯಾರು ಯಾವ ದಾಖಲೆ ತಿದ್ದಿದರು ಎಂಬುದಕ್ಕೆ ನೌಕರನ ಬೆರಳಚ್ಚೇ ಸಾಕ್ಷಿ. ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಇಟ್ಟರು. ತನ್ನ ಸರ್ವೆ ನಂಬರಿನಲ್ಲಿ ಏನು ಬರೆದಿದೆ ಎಂದು ರೈತ ಕೌಂಟರಿನ ಈಚೆ ನಿಂತೇ ನೋಡಬಹುದಾಯಿತು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿ ಭೂಮಿಯನ್ನು ಕಟುವಾಗಿ ಟೀಕಿಸಿದರು. ದಾಖಲೆಯ ಹಿಡಿತ ಹಳ್ಳಿಯಿಂದ ಮೇಲಕ್ಕೆ ಹೋದುದರಿಂದ ಸಣ್ಣ ಹಿಡುವಳಿದಾರನಿಗೆ ಮಾತಾಡಿ ಸರಿಪಡಿಸಿಕೊಳ್ಳುವ ದಾರಿ ಮುಚ್ಚಿತು, ಎಲ್ಲಿ ಯಾರ ಜಮೀನಿದೆ ಎಂಬ ಮಾಹಿತಿ ದೊಡ್ಡ ಖರೀದಿದಾರರಿಗೆ ಸುಲಭವಾಯಿತು ಎಂಬುದು ಅವರ ವಾದ. ಬೆಂಗಳೂರಿನ ಅಂಚಿನ ಹಳ್ಳಿಗಳ ಮಟ್ಟಿಗೆ ಈ ಮಾತಿನಲ್ಲಿ ತಿರುಳಿದೆ. ಗ್ರಾಮಲೆಕ್ಕಿಗರಿಗೆ ಊರು ಗೊತ್ತಿತ್ತು, ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಆದರೂ ರಾಜ್ಯದ ಬಹುಪಾಲು ರೈತರಿಗೆ ಪಹಣಿ ಎಂಬುದು ಯಾರೋ ಮಾಡುವ ಉಪಕಾರವಾಗಿ ಉಳಿಯಲಿಲ್ಲ. ಆ ಲಾಭವನ್ನು ಸಣ್ಣದೆನ್ನಲಾರೆ.

ಸರದಿಯನ್ನು ಯಂತ್ರಕ್ಕೆ ಒಪ್ಪಿಸುವ ವಿದ್ಯೆಯನ್ನು ಶಿಕ್ಷಣ ಕ್ಷೇತ್ರ ಭೂಮಿಗಿಂತ ಮೊದಲೇ ಕಂಡಿತ್ತು. ವೃತ್ತಿಪರ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕಕ್ಕೆ ಹೆಸರಾಗಿದ್ದ ರಾಜ್ಯ ನಮ್ಮದು. ಆ ಶುಲ್ಕವನ್ನು ಪ್ರಶ್ನಿಸಿದ 1992ರ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದದ್ದು ಕರ್ನಾಟಕದಿಂದಲೇ. ಇದೇ ವಿಷಯದ 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಘಟಕ ಹುಟ್ಟಿತು. ರ‍್ಯಾಂಕಿನ ಪ್ರಕಾರ ಕರೆ, ಉಳಿದ ಸೀಟುಗಳ ಪಟ್ಟಿ ಎಲ್ಲರ ಕಣ್ಣೆದುರು, ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಶಿಫಾರಸು ಪತ್ರ ಹಿಡಿದು ಬೆಂಗಳೂರಿಗೆ ಬರುತ್ತಿದ್ದವರ ಜಾಗದಲ್ಲಿ ರ‍್ಯಾಂಕ್ ಹಿಡಿದು ಬರುವ ಹಳ್ಳಿಯ ಮಕ್ಕಳು ನಿಂತರು. ಶಿಕ್ಷಕರ ವರ್ಗಾವಣೆಯೂ ಹೀಗೆಯೇ ಕೌನ್ಸೆಲಿಂಗಿಗೆ ಬಂತು. 2007ರಲ್ಲಿ ಅದಕ್ಕೊಂದು ಕಾಯ್ದೆಯೇ ಆಯಿತು. ಪ್ರತಿ ಬೇಸಿಗೆಯಲ್ಲೂ ಶಾಸಕರ ಮನೆ ಬಾಗಿಲು ಕಾಯುವುದು ಎಷ್ಟೋ ಮೇಷ್ಟರಿಗೆ ತಪ್ಪಿದ್ದು ಇದರಿಂದ.

2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಬಂದ ‘ಸಕಾಲ’ ಇದೇ ದಾರಿಯ ಮುಂದಿನ ಹೆಜ್ಜೆ. 151 ಸೇವೆಗಳಿಗೆ ದಿನ ಗೊತ್ತುಮಾಡಿ, ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯ ಕಿಸೆಯಿಂದ ಎಂದು ಕಾನೂನು ಹೇಳಿತು. ಪರಿಹಾರ ಕೇಳುವ ಜನ ಕಡಿಮೆ. ಆದರೆ ಅರ್ಜಿಗೊಂದು ಸಂಖ್ಯೆ, ಸಂಖ್ಯೆಗೊಂದು ಗಡುವು ಬಂದದ್ದರಿಂದ ‘ನಾಳೆ ಬನ್ನಿ’ ಎಂಬ ಮಾತಿಗೂ ಲೆಕ್ಕ ಸಿಕ್ಕಿತು.

ಇವೆಲ್ಲ ಸರದಿ, ಗಡುವು, ದಾಖಲೆಯ ಸಮಸ್ಯೆಗಳು. ಯಂತ್ರಕ್ಕೆ ಇವು ಒಗ್ಗುತ್ತವೆ. ಕಲಿಕೆಯ ಸಮಸ್ಯೆ ಬೇರೆ ಜಾತಿಯದು.

ತರಗತಿಗೆ ತಂತ್ರಜ್ಞಾನ ತರುವ ಆಸೆ ನಮ್ಮಲ್ಲಿ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಹೋಯಿತು. ಅವುಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಮರುವರ್ಷ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು. ಹೊಸದಾಗಿ ಬಂದಾಗ ಮಕ್ಕಳು ಕಣ್ಣರಳಿಸಿ ನೋಡಿದರು. ಆಮೇಲೆ ಕರೆಂಟು ಕೈಕೊಟ್ಟಾಗ, ಟಿವಿ ಪೆಟ್ಟಿಗೆ ಕೆಟ್ಟಾಗ ರಿಪೇರಿ ಮಾಡುವವರಿಲ್ಲದೆ ಇಂಥ ಸಾಮಗ್ರಿ ಮುಖ್ಯ ಶಿಕ್ಷಕರ ಬೀರು ಸೇರುವುದನ್ನು ಸರ್ಕಾರಿ ಶಾಲೆ ಬಲ್ಲವರೆಲ್ಲ ನೋಡಿದ್ದಾರೆ.

ಈ ಇತಿಹಾಸದಲ್ಲಿ ನಾನು ಹೆಚ್ಚು ಗೌರವಿಸುವ ಘಟ್ಟ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ಸಾಫ್ಟ್‌ವೇರಿನಿಂದ ಬಂದ ಹಣ, ಸಾಫ್ಟ್‌ವೇರ್ ಬಲ್ಲ ಜನ. 2000ದ ದಶಕದಲ್ಲಿ ಅವರು ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿ ಸಾವಿರಾರು ಶಾಲೆಗಳಿಗೆ ಕೊಟ್ಟರು. ವರ್ಷಗಟ್ಟಲೆ ನಡೆಸಿದ ಮೇಲೆ, ಶಿಕ್ಷಣದಲ್ಲಿ ತಂತ್ರಜ್ಞಾನಕ್ಕೆ ಮಿತಿ ಇದೆ, ಬೋಧನೆಯ ಗುಣಮಟ್ಟಕ್ಕೆ ಅದು ಬದಲಿಯಾಗದು ಎಂದು ಪ್ರತಿಷ್ಠಾನದ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಪ್ರತಿಷ್ಠಾನ ಶಿಕ್ಷಕರ ಜೊತೆ ನೇರವಾಗಿ ಕೆಲಸ ಮಾಡುವ ದಾರಿಗೆ ಹೊರಳಿತು. ಮುಂದಿನ ಟ್ಯಾಬ್ಲೆಟ್, ಸ್ಮಾರ್ಟ್ ಕ್ಲಾಸ್ ಯೋಜನೆಗಳನ್ನು ಬರೆದವರೆಲ್ಲ ಆ ಲೇಖನವನ್ನು ಓದಬೇಕಿತ್ತು.

ಯಂತ್ರವನ್ನೇ ಬಿಡಬೇಕು ಎಂದು ಇದರಿಂದ ಅರ್ಥ ಮಾಡಿಕೊಳ್ಳಬೇಕಿಲ್ಲ. 2011ರಿಂದ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯನ್ನು ನೋಡಿ. ಸರ್ಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು, ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶ ಕಲಿತರು, ಪ್ರಶ್ನೆಗಳನ್ನು ಪರಸ್ಪರ ಬಗೆಹರಿಸಿಕೊಂಡರು, ಕನ್ನಡದಲ್ಲೇ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಕಟ್ಟಿದರು. ಇಲ್ಲಿ ಗಣಕ ಕೂತದ್ದು ಶಿಕ್ಷಕರ ಮೇಜಿನ ಮೇಲೆ. ಅದರಿಂದ ಏನು ಮಾಡಬೇಕೆಂದು ನಿರ್ಧರಿಸಿದವರೂ ಅವರೇ. ಇಂಥದ್ದು ವಿರಳ.

ಸಾಮಾನ್ಯವಾಗಿ ನಡೆದದ್ದು ಬೇರೆ. ಕೆಲವು ವರ್ಷಗಳಿಂದ ‘ಸ್ಯಾಟ್ಸ್’ ತಂತ್ರಾಂಶ ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಕೊಡುತ್ತಿದೆ. ದಾಖಲಾತಿ, ಬಿಸಿಯೂಟ, ವಿದ್ಯಾರ್ಥಿವೇತನ, ಅಂಕ, ವರ್ಗಾವಣೆ ಪತ್ರ ಎಲ್ಲವೂ ಅದರೊಳಗೆ. ಶಾಲೆ ಬಿಟ್ಟ ಮಗುವನ್ನು ಹುಡುಕಲು ಇದು ಬೇಕು, ನಕಲಿ ದಾಖಲಾತಿ ತಡೆಯಲು ಬೇಕು. ಆದರೆ ಗುಮಾಸ್ತರಿಲ್ಲದ ಪ್ರಾಥಮಿಕ ಶಾಲೆಯಲ್ಲಿ ಇಷ್ಟನ್ನೂ ತುಂಬುವವರು ಪಾಠ ಮಾಡಬೇಕಾದ ಶಿಕ್ಷಕರೇ. ಸರ್ವರ್ ಸಿಗುವ ಹೊತ್ತು ನೋಡಿಕೊಂಡು, ಕೆಲವರು ಹತ್ತಿರದ ಸೈಬರ್ ಸೆಂಟರಿಗೆ ಕೈಯಿಂದ ದುಡ್ಡು ಕೊಟ್ಟು ತುಂಬುತ್ತಾರೆ. ಭೂಮಿಯಲ್ಲಿ ರೈತನ ಕಡೆಗೆ ತಿರುಗಿದ್ದ ಪರದೆ ಇಲ್ಲಿ ಮೇಲಧಿಕಾರಿಯ ಕಡೆಗೆ ತಿರುಗಿದೆ.

2020ರ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಟಿವಿ, ಮೊಬೈಲ್ ಇಲ್ಲದ ಮನೆಗಳ ಸ್ಥಿತಿ ಗೊತ್ತಾದ ಮೇಲೆ, ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಯಿತು. ಶಿಕ್ಷಕರೇ ಮಕ್ಕಳಿದ್ದ ಕೇರಿಗೆ ಹೋಗಿ, ಮರದಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು. ಆ ವರ್ಷ ಹಳ್ಳಿಯ ಬಡಮಕ್ಕಳನ್ನು ಪರದೆಗಿಂತ ಹೆಚ್ಚು ತಲುಪಿದ್ದು ಈ ನಡೆದು ಬಂದ ಶಾಲೆ ಎಂದೇ ನನ್ನ ನಂಬಿಕೆ.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ನಡೆಯಿತು. ನಕಲು ತಗ್ಗಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು: ಎಷ್ಟು ಮಕ್ಕಳು ಕಲಿಯದೆ ಹತ್ತನೆಯ ತರಗತಿಗೆ ಬಂದಿದ್ದಾರೆ ಎಂಬುದನ್ನು ತೋರಿಸಿತು. ನೋವೆಂದರೆ, ಆ ಮಕ್ಕಳ ಬಗ್ಗೆ ಇಲಾಖೆಗೆ ಮೊದಲೇ ತಿಳಿಯುವ ಅವಕಾಶವಿತ್ತು. ಅವರ ಅಂಕಗಳು ವರ್ಷವರ್ಷವೂ ಸ್ಯಾಟ್ಸ್‌ಗೆ ಏರಿದ್ದವು.

ಆದ್ದರಿಂದ ಇನ್ನೊಂದು ಹೊಸ ತಂತ್ರಾಂಶವನ್ನು ನಾನು ಕೇಳುವುದಿಲ್ಲ. ಇರುವ ಸ್ಯಾಟ್ಸ್‌ನಲ್ಲೇ ಶಿಕ್ಷಕರಿಗಾಗಿ ಒಂದು ಪುಟ ತೆರೆಯಲಿ. ಆರನೆಯ ತರಗತಿಗೆ ಬೇರೆ ಊರಿನಿಂದ ಬಂದ ಹುಡುಗಿಯ ಸಂಖ್ಯೆ ಒತ್ತಿದರೆ, ಆಕೆಗೆ ಕನ್ನಡ ಓದಲು ಎಷ್ಟು ಬರುತ್ತದೆ, ಭಾಗಾಕಾರದಲ್ಲಿ ಎಲ್ಲಿ ಎಡವುತ್ತಾಳೆ ಎಂದು ಹಿಂದಿನ ಶಾಲೆಯ ಮೇಷ್ಟರು ಬರೆದದ್ದು ಜೂನ್ ಮೊದಲ ವಾರದಲ್ಲೇ ಕಾಣಲಿ. ಅಂಕಿ ತುಂಬುವ ಕೆಲಸಕ್ಕೆ ಶಾಲಾ ಕ್ಲಸ್ಟರಿಗೊಬ್ಬ ಗುಮಾಸ್ತನನ್ನು ಕೊಡಲಿ.