ಗುಂಡಿಯಲ್ಲಿ ಹೂತ ಎಂಟೂಮುಕ್ಕಾಲು ಲಕ್ಷ ಮೊಳೆಗಳು

ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದಲ್ಲಿ ಬಿದ್ದಿರುವ ಮೊಳೆಗಳಿಗೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಹಾಗಿರುವಾಗ ಸ್ಕಾಟ್ಲೆಂಡಿನ ಥಂಡಿ ನೆಲದಡಿ ಸಾವಿರದೆಂಟುನೂರು ವರ್ಷಕ್ಕೂ ಹೆಚ್ಚು ಕಾಲ ಹೂತುಹೋಗಿದ್ದ ಮೊಳೆಗಳು ಹೆಚ್ಚುಕಡಿಮೆ ಹೊಸದರಂತೆಯೇ ಸಿಕ್ಕವು ಎಂದರೆ ಅಚ್ಚರಿಯೆನಿಸದಿರದು.

ಪರ್ತ್‌ಶೈರ್ ಪ್ರಾಂತದಲ್ಲಿ, ಟೇ ನದಿಯ ದಡದ ಇಂಚ್‌ಟುಥಿಲ್‌ನಲ್ಲಿ ರೋಮನ್ನರು ಕ್ರಿ.ಶ. 83ರ ಸುಮಾರಿಗೆ ಒಂದು ಸೇನಾ ಕೋಟೆ ಕಟ್ಟತೊಡಗಿದರು. ಒಂದು ಇಡೀ ಲೀಜನ್, ಅಂದರೆ ಸುಮಾರು ಐದು ಸಾವಿರ ಸೈನಿಕರು ತಂಗುವಷ್ಟು ದೊಡ್ಡ ಕೋಟೆ ಅದು. ಒಳಗಿನ ಕಟ್ಟಡಗಳೆಲ್ಲ ಬಹುಪಾಲು ಮರದವು. ಆದ್ದರಿಂದ ಮೊಳೆಯಿಲ್ಲದೆ ಕೆಲಸ ಸಾಗುವಂತಿರಲಿಲ್ಲ. ಆದರೆ ನಾಲ್ಕೈದು ವರ್ಷ ಕಳೆಯುವುದರೊಳಗೆ, ಸೇನಾಪತಿಯ ನಿವಾಸ ಇನ್ನೂ ಮೇಲೇಳುವ ಮೊದಲೇ, ಹಿಂದೆಗೆಯಬೇಕೆಂಬ ಆಜ್ಞೆ ಬಂತು. ಡ್ಯಾನ್ಯೂಬ್ ಗಡಿಯಲ್ಲಿ ಡೇಸಿಯನ್ನರ ಕಾಟ ಹೆಚ್ಚಿದ್ದೇ ಇದಕ್ಕೆ ಕಾರಣವಿರಬೇಕೆಂಬುದು ಇತಿಹಾಸಕಾರರ ಅಭಿಪ್ರಾಯ.

ಸೈನಿಕರು ಮರದ ತೊಲೆಗಳನ್ನು ಕಳಚಿದರು. ಗಾಜು ಮತ್ತು ಮಡಕೆಗಳನ್ನು ಚೂರುಚೂರಾಗಿ ಕುಟ್ಟಿ ಹಾಕಿದರು. ಉಳಿದದ್ದು ಉಗ್ರಾಣದ ಮೊಳೆಗಳ ರಾಶಿ: ಸುಮಾರು 8,75,000 ಮೊಳೆ, ಅಂದಾಜು 10 ಟನ್ ತೂಕ. ಇದನ್ನು ಸಾಗಿಸುವುದು ಹೇಗೆ? ಮುಂದೆ 4ನೇ ಶತಮಾನದ ರೋಮನ್ ಕಾನೂನು ಸರ್ಕಾರಿ ಭಾರದ ಗಾಡಿಗೆ ವಿಧಿಸಿದ ಮಿತಿ 1,500 ರೋಮನ್ ಪೌಂಡು, ಅಂದರೆ ಹೆಚ್ಚುಕಡಿಮೆ 490 ಕಿಲೋ. ಆ ಲೆಕ್ಕ ಹಿಡಿದರೆ ಮೊಳೆಗಳಿಗೇ ಇಪ್ಪತ್ತು ಗಾಡಿ ಬೇಕು. ಹಾಗೆಂದು ಬಿಟ್ಟುಹೋಗುವಂತೆಯೂ ಇರಲಿಲ್ಲ. ಒಂದೊಂದು ಮೊಳೆಯನ್ನೂ ಕಮ್ಮಾರ ಕುಲುಮೆಯಲ್ಲಿ ಕಾಯಿಸಿ, ಬಡಿದು ಮಾಡಬೇಕಿದ್ದ ಕಾಲ ಅದು. ಕಬ್ಬಿಣ ಬೆಲೆಬಾಳುವ ಸರಕು. ಇಂದು ಬಿಟ್ಟ ಮೊಳೆ ಸ್ಥಳೀಯ ಬುಡಕಟ್ಟಿನವರ ಕೈಗೆ ಸಿಕ್ಕರೆ ನಾಳೆ ಈಟಿಯ ಮೊನೆಯಾಗಿ ತಿರುಗಿಬರಬಹುದಿತ್ತು. ಹಾಗಾಗಿ ಕಾರ್ಯಾಗಾರದೊಳಗೆ ಆಳವಾದ ಗುಂಡಿ ತೋಡಿ, ಎಲ್ಲವನ್ನೂ ಸುರಿದು, ಮೇಲೆ ಹಲವು ಅಡಿ ಮಣ್ಣು ಜಡಿದರು. ಎಷ್ಟು ಜಾಣತನದಿಂದ ಮುಚ್ಚಿದ್ದರೆಂದರೆ, 1960ರಲ್ಲಿ ಇಯಾನ್ ರಿಚ್ಮಂಡ್ ಅವರ ಉತ್ಖನನ ತಂಡ ಅಗೆಯುವವರೆಗೂ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ಇಂಚಿನಿಂದ ಹದಿನಾರು ಇಂಚಿನವರೆಗಿನ ಮೊಳೆಗಳು ಅಲ್ಲಿದ್ದವು. ರಾಶಿಯ ಹೊರಭಾಗದವು ತುಕ್ಕು ಹಿಡಿದು ಒಂದಕ್ಕೊಂದು ಬೆಸೆದು ಗಟ್ಟಿ ಚಿಪ್ಪಿನಂತಾಗಿದ್ದವು. ಒಳಗಿನವು ಮಾತ್ರ ಭದ್ರ. ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಮಣ್ಣಿನಲ್ಲಿ ಇಳಿದ ಮಳೆನೀರಿನೊಳಗಿನ ಆಮ್ಲಜನಕವನ್ನು ಹೊರಗಿನ ಮೊಳೆಗಳೇ ಹೀರಿಬಿಟ್ಟವು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ ಸಂದುಗಳೂ ಮುಚ್ಚಿಹೋದವು. ರೋಮನ್ನರು ಇದನ್ನು ಎಣಿಸಿರಲಾರರು. ಅವರಿಗೆ ಬೇಕಿದ್ದದ್ದು ಮೊಳೆ ಶತ್ರುವಿಗೆ ಸಿಗದಿರುವುದು ಅಷ್ಟೆ.

ಹೊರತೆಗೆದ ಮೊಳೆಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳನ್ನು ಸೇರಿದವು. ಅನೇಕವನ್ನು ಸಾರ್ವಜನಿಕರಿಗೆ ಮಾರಲಾಯಿತು. ಮುಂದೆ ಇವುಗಳ ಬಗ್ಗೆ ಆಸಕ್ತಿ ತಳೆದವರು ಪರಮಾಣು ತ್ಯಾಜ್ಯದ ತಜ್ಞರು. ವಿಕಿರಣಶೀಲ ಕಸವನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ಹೂತರೆ ಅದು ಸಾವಿರಾರು ವರ್ಷ ತಾಳೀತೇ? ಪ್ರಯೋಗಶಾಲೆಯಲ್ಲಿ ಅಷ್ಟು ಕಾಲ ಕಾಯುವುದು ಸಾಧ್ಯವಿಲ್ಲ. ಇಂಚ್‌ಟುಥಿಲ್‌ನ ಗುಂಡಿ ಕಾದಿತ್ತು.