ಗಾಡಿ ಮೂತಿಗೆ ಗೋಣಿತಾಟು

ಮೊನ್ನೆ ಚಳೀಲಿ ಪಕ್ಕದ್ಮನೆ ಹುಡುಗ, ಶ್ರೀನಿವಾಸಪುರದ ಮಾವಿನಹಣ್ಣು ಬಂದಿದ್ದ ಹಳೇ ಡಬ್ಬದ ರಟ್ಟು ಕತ್ತರಿಸಿ ಕಾರಿನ ಮುಂದಿನ ಜಾಲರಿಗೆ ಕಟ್ತಾ ಇದ್ದ. ಪೆಟ್ರೋಲು ಉಳಿಯುತ್ತಂತೆ. ಅವರಮ್ಮಂಗೆ ಗಾಬರಿ, "ಗಾಡಿಗೆ ಉಸಿರು ಕಟ್ಟಲ್ವೇನ್ರೀ?" ಇದು ಹೊಸದಲ್ಲ ಕಣ್ರಮ್ಮ, ನಮ್ ತಾತ ಅಂಬಾಸಿಡರ್ ಓಡಿಸ್ತಿದ್ದ ಕಾಲದ್ದು.

ಎಣ್ಣೆಗೆ ತತ್ವಾರ ಬಂದಾಗೆಲ್ಲ ಇಂಥ ಉಪಾಯ ಹುಟ್ಟಿವೆ. ಎರಡನೇ ಮಹಾಯುದ್ಧದಾಗ ಪೆಟ್ರೋಲು ರೇಷನ್ ಆಗಿ, ಮೈಸೂರು ಸೀಮೆ ಬಸ್ಸುಗಳು ಇದ್ದಲ ಒಲೆ ಕಟ್ಕೊಂಡು ಓಡಿದ್ವು. 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದಾಗ, ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆ ಬೆಲೆ ಸುಮಾರು 4 ಪಟ್ಟಾಯ್ತು. ತಾತ ಗೋಣಿತಾಟು ಕಟ್ಟೋಕೆ ಶುರುಮಾಡಿದ್ದು ಆಗಲೇ.

ಇಂಜಿನ್ ಕಾಯೋವರೆಗೂ ನೀರನ್ನ ರೇಡಿಯೇಟರಿಗೆ ಬಿಡದಂಗೆ ತಡೆಯೋಕೆ ಥರ್ಮೋಸ್ಟಾಟ್ ಅಂತ ಒಂದು ಸಣ್ಣ ಮುಚ್ಚಳ ಇರುತ್ತೆ. ನಮ್ ಬಿಸಿಲಿಗೆ ಗಾಡಿ ಕುದಿಯುತ್ತೆ ಅಂತ ಎಷ್ಟೋ ಮೆಕ್ಯಾನಿಕ್ಕುಗಳು ಅದನ್ನ ಕಿತ್ತಾಕೋರು. ಬೇಸಿಗೇಲಿ ಸರಿ, ಆದ್ರೆ ಮಾಗಿ ಚಳೀಲಿ ಇಂಜಿನ್ನು ಬೇಗ ಕಾಯ್ತಾನೇ ಇರ್ಲಿಲ್ಲ. ಚೋಕ್ ಎಳೆದೇ ಓಡಿಸ್ಬೇಕು, ಪೆಟ್ರೋಲು ಸುರಿದಂಗೆ. ಒಲೆಗೆ ಎದುರುಗಾಳಿ ಹೊಡೆದ್ರೆ ಎಷ್ಟು ಸೌದೆ ಹಾಕಿದ್ರೂ ಮುದ್ದೆ ಎಸರು ಕಾಯಲ್ವಲ್ಲ, ಅಂಗೆ. ನಾವು ಒಲೆಗೆ ತಗಡು ಅಡ್ಡ ಇಡ್ತೀವಿ, ತಾತ ಅರ್ಧ ಜಾಲರಿಗೆ ಗೋಣಿ ಕಟ್ಟೋರು.

ಒಂದು ವರ್ಷ ಶಿವರಾತ್ರಿ ಕಳೆದ್ರೂ ಬಿಚ್ಚೋದು ಮರೆತ್ರು. ಚಿತ್ತೂರಿಂದ ಮುಳಬಾಗಿಲಿಗೆ ವಾಪಸ್ ಬರೋವಾಗ, ಮೊಗಿಲಿ ಘಾಟು ಹತ್ತೋ ಹೊತ್ತಿಗೆ ನೀರು ಕುದ್ದು ಹೆಡ್ ಗ್ಯಾಸ್ಕೆಟ್ ಹೋಯ್ತು. ರಿಪೇರಿಗೆ ಅಜ್ಜಿ ಕಿವಿ ಓಲೆ ಅಡ ಇಟ್ರು. ಚಳಿಗಾಲವೆಲ್ಲ ಉಳಿಸಿದ್ದು ಒಂದೇ ದಿನಕ್ಕೆ ಹೋಯ್ತು.

ಚಳಿ ದೇಶದೋರು ಇದಕ್ಕೇ ಕ್ಯಾನ್ವಾಸ್ ಹೊದಿಕೆ ಇಟ್ಕೊಂಡಿದ್ರು. 1930ರ ದಶಕದ ರೋಲ್ಸ್ ರಾಯ್ಸ್ ಕಾರುಗಳಿಗೆ ಕಾವು ನೋಡಿ ತಾನೇ ತೆರೆಯೋ ರೆಕ್ಕೆಗಳಿದ್ವು. ಈಗ ಎಷ್ಟೋ ಹೊಸ ಕಾರುಗಳಿಗೂ ಅಂಥವು ಬಂದಿವೆ.

ಹುಡುಗಂಗೆ ಇಷ್ಟೇ ಹೇಳ್ದೆ: ಈಗಿನ ಗಾಡೀಲಿ ಥರ್ಮೋಸ್ಟಾಟ್ ಇದೆ, ರಟ್ಟಿಂದ ಉಳಿಯೋದು ಗಾಳಿ ತಡೆ ಕಮ್ಮಿ ಆಗೋದ್ರಿಂದ. ವೇಗ 2 ಪಟ್ಟಾದ್ರೆ ಆ ತಡೆ 4 ಪಟ್ಟು. ಅದಕ್ಕೇ ಹೈವೇಲಿ ಚೂರು ಉಳಿದೀತು, ಮಾಲೂರು ಪೇಟೇಲಿ ಸುತ್ತೋಕೆ ಏನೂ ಇಲ್ಲ. ಜಾಲರಿ ಹಿಂದೆ ಎಸಿ ಕಂಡೆನ್ಸರೂ ಇದೆ, ಅದಕ್ಕೂ ಗಾಳಿ ಬೇಕು. ಪೂರ್ತಿ ಮುಚ್ಚಬೇಡ, ಕಾವಿನ ಮುಳ್ಳು ನೋಡ್ತಿರು, ಶಿವರಾತ್ರಿಗೆ ಬಿಚ್ಚಾಕು.

ಅವರಮ್ಮ ಆಗಲೇ ಕ್ಯಾಲೆಂಡರಲ್ಲಿ ಶಿವರಾತ್ರಿಗೆ ಸುತ್ತು ಹಾಕಿದ್ರು.